ಗಂಟು ಒಂದೇ, ದಾರಿ ಬೇರೆ: ಕಡೂರು, ತರೀಕೆರೆ, ಅಜ್ಜಂಪುರ ಮತ್ತು ಸ್ತನ ಕ್ಯಾನ್ಸರ್ ಸಾವಿನ ಲೆಕ್ಕ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಿಗೆ ಬರುವುದು ಕಾಫಿ ತೋಟ, ಮಂಜು, ಮಳೆ. ಬಾಬಾಬುಡನ್‌ಗಿರಿ ಸಾಲಿನ ಮೂಡಣ ಮಗ್ಗುಲಿಗೆ ಇಳಿದರೆ ಸಿಗುವ ಕಡೂರು, ಅಜ್ಜಂಪುರ ಬೇರೆಯೇ ಸೀಮೆ: ರಾಗಿ, ಈರುಳ್ಳಿ, ತೆಂಗು, ಆಳದ ಕೊಳವೆಬಾವಿ. ತರೀಕೆರೆ ಆ ಕಾಫಿ ಸೀಮೆಗೂ ಈ ಬಯಲಿಗೂ ನಡುವಿನ ಅರೆಮಲೆನಾಡು. ಅದರ ಒಂದು ಬದಿಗೆ ಕೆಮ್ಮಣ್ಣುಗುಂಡಿಯ ಕಾಡು, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಇನ್ನೊಂದು ಬದಿಗೆ ಅಡಿಕೆ ತೋಟ, ಹೊಲ. ಈ ಮೂರು ತಾಲ್ಲೂಕುಗಳಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವ ಹೆಂಗಸರ ಪ್ರಮಾಣ ಬೆಂಗಳೂರಿನದಕ್ಕಿಂತ ಹೆಚ್ಚೇ, ಕಡಿಮೆಯೇ? ಮೂರು ತಾಲ್ಲೂಕುಗಳ ನಡುವೆಯೇ ವ್ಯತ್ಯಾಸ ಇರಬಹುದೆ? ಇದ್ದರೆ ಅದಕ್ಕೆ ಕಾರಣ ನೀರೋ, ಔಷಧಿ ಹೊಡೆದ ಹೊಲವೋ, ಊಟವೋ, ರಕ್ತವೋ? ಪ್ರಶ್ನೆಯನ್ನು ಹೀಗೆ ಕೇಳುವುದೇ ನಮ್ಮ ರೂಢಿ. ಊರಿಂದೂರಿಗೆ ಸಾವಿನ ದರ ಬೇರೆಯಾಗಿದ್ದರೆ, ರೋಗ ಹುಟ್ಟುವುದರಲ್ಲೇ ಏನೋ ಬೇರೆಯಿರಬೇಕು ಎಂದು ಮೊದಲೇ ಊಹಿಸಿಕೊಂಡುಬಿಡುತ್ತೇವೆ. ಲಭ್ಯವಿರುವ ಆಧಾರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆ ಮಾತು ಹೊರಡುತ್ತದೆ. ಸಾವಿನ ದರದ ವ್ಯತ್ಯಾಸದಲ್ಲಿ ಬಹುಪಾಲು ಹುಟ್ಟುವುದು ಎದೆಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ. ಗಂಟು ಕೈಗೆ ಸಿಕ್ಕ ದಿನದಿಂದ ಚಿಕಿತ್ಸೆ ಮುಗಿಯುವ ದಿನದ ತನಕದ ದಾರಿಯಲ್ಲಿ. ಆ ದಾರಿಯನ್ನು ಅಳೆಯದೆ ಬರಿಯ ಸಾವಿನ ದರವನ್ನು ಹೋಲಿಸಿದರೆ ನಾವು ತಪ್ಪು ಕಡೆ ಹುಡುಕುತ್ತಿರುತ್ತೇವೆ.

ಮೊದಲು ದೊಡ್ಡ ಚಿತ್ರ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು. ಸುಮಾರು 98,000 ಮಂದಿ ಅದರಿಂದ ಸತ್ತರು. ಅದೇ ವರ್ಷ ಅಮೆರಿಕದಲ್ಲಿ ಹೊಸ ರೋಗಿಗಳು ಸುಮಾರು 2,74,000, ಸಾವು ಸುಮಾರು 43,000. ಅಲ್ಲಿ ರೋಗ ಹೆಚ್ಚು, ಸಾವು ಕಡಿಮೆ. ಇಲ್ಲಿ ರೋಗ ಕಡಿಮೆ, ಸಾವು ಎರಡರಷ್ಟಕ್ಕೂ ಹೆಚ್ಚು. ನಮ್ಮಲ್ಲಿ ಇಬ್ಬರು ಹೊಸ ರೋಗಿಗಳಿಗೆ ಒಂದು ಸಾವು, ಅಲ್ಲಿ ಆರೇಳು ಹೊಸ ರೋಗಿಗಳಿಗೆ ಒಂದು. ಒಂದೇ ವರ್ಷದಲ್ಲಿ ರೋಗ ಬಂದವರೂ ಸತ್ತವರೂ ಬೇರೆಬೇರೆ ಹೆಂಗಸರಾದ್ದರಿಂದ ಈ ಭಾಗಾಕಾರ ಒರಟು ಅಳತೆಯೇ. ಆದರೂ ಇಷ್ಟು ದೊಡ್ಡ ಅಂತರವನ್ನು ಅಳತೆಯ ಒರಟುತನ ಒಂದರಿಂದಲೇ ವಿವರಿಸಲಾಗದು. ರೋಗ ಪತ್ತೆಯಾದ ಐದು ವರ್ಷಗಳ ನಂತರ ಬದುಕಿರುವವರ ಲೆಕ್ಕವೂ ಇದನ್ನೇ ಹೇಳುತ್ತದೆ. 2018ರಲ್ಲಿ ಪ್ರಕಟವಾದ ಕಾನ್‌ಕಾರ್ಡ್ ಅಧ್ಯಯನದಲ್ಲಿ ಅಮೆರಿಕದ್ದು ಶೇ 90, ಭಾರತದ್ದು ಶೇ 66.

ಈ ಅಂತರ ದೇಶದೇಶಗಳ ನಡುವೆ ಮಾತ್ರ ಇರುವುದಲ್ಲ. ರೋಗ ಬರುವ ಪ್ರಮಾಣ ನಮ್ಮ ನಗರಗಳಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಕಡಿಮೆ, ಇದರಲ್ಲಿ ಅನುಮಾನವಿಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯಲ್ಲಿ, ವಯಸ್ಸಿನ ವ್ಯತ್ಯಾಸ ಸರಿಪಡಿಸಿದ ಮೇಲೆ, ಒಂದು ಲಕ್ಷ ಹೆಂಗಸರಿಗೆ ಹೈದರಾಬಾದಿನಲ್ಲಿ 48, ಚೆನ್ನೈನಲ್ಲಿ 42, ಬೆಂಗಳೂರಿನಲ್ಲಿ 40.5 ಮಂದಿಗೆ ವರ್ಷಕ್ಕೆ ಸ್ತನ ಕ್ಯಾನ್ಸರ್ ಬರುತ್ತಿತ್ತು. ಮಹಾರಾಷ್ಟ್ರದ ಸೊಲ್ಲಾಪುರ ಸೀಮೆಯ ಬಾರ್ಶಿ ನಮ್ಮ ಕಡೂರಿನಂತೆಯೇ ಒಣ ಬೇಸಾಯದ ಬಯಲು. ಅಲ್ಲಿನ ಗ್ರಾಮೀಣ ನೋಂದಣಿಯಲ್ಲಿ ಇದು ಬೆಂಗಳೂರಿನ ಅರ್ಧಕ್ಕೂ ಕಡಿಮೆ. ಕಾರಣಗಳೂ ಬಹುಮಟ್ಟಿಗೆ ತಿಳಿದವೇ. ಮೊದಲ ಹೆರಿಗೆ ತಡವಾಗುವುದು, ಮಕ್ಕಳು ಕಡಿಮೆಯಾಗುವುದು, ಎದೆಹಾಲು ಕುಡಿಸುವ ಅವಧಿ ಕುಗ್ಗುವುದು, ಮುಟ್ಟು ನಿಂತ ಮೇಲೆ ಮೈ ಬರುವುದು, ಮದ್ಯ. 2002ರಲ್ಲಿ 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ 4.3ರಷ್ಟು, ಪ್ರತಿ ಹೆರಿಗೆಗೆ ಶೇ 7ರಷ್ಟು ಇಳಿಯುವುದು ಕಂಡಿತು. ಹಳ್ಳಿಯ ಹಿರಿಯ ಹೆಂಗಸರಿಗೆ ಈ ಕಾರಣಗಳಿಂದಲೇ ಒಂದಿಷ್ಟು ರಕ್ಷಣೆ ಇತ್ತು. ಆ ರಕ್ಷಣೆ ಈಗ ಸವೆಯುತ್ತಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ ಒಬ್ಬ ಹೆಂಗಸಿಗೆ 1.7 ಮಕ್ಕಳು. ಈಗ ನಲವತ್ತರ ಆಸುಪಾಸಿನಲ್ಲಿರುವ ಬೀರೂರಿನ ಅಥವಾ ಯಗಟಿಯ ಹೆಂಗಸಿನ ಬಾಳು ಆಕೆಯ ಅಜ್ಜಿಯದಕ್ಕಿಂತ ಬೆಂಗಳೂರಿನ ಓರಗೆಯವಳದಕ್ಕೇ ಹತ್ತಿರ. ಹಳ್ಳಿಯವರಿಗೆ ಈ ರೋಗ ಬರುವುದಿಲ್ಲ ಎಂಬ ನಂಬಿಕೆ ನೆನ್ನೆಯ ಮಟ್ಟಿಗೆ ಅರೆಸತ್ಯ, ನಾಳೆಗೆ ಅಷ್ಟೂ ಅಲ್ಲ.

ಹಳ್ಳಿಯಲ್ಲಿ ರೋಗ ಇಷ್ಟು ಕಡಿಮೆಯಿದ್ದರೆ ಸಾವೂ ಅದೇ ಅನುಪಾತದಲ್ಲಿ ಕಡಿಮೆ ಇರಬೇಕಿತ್ತು. ಇಲ್ಲಿಯೇ ಲೆಕ್ಕ ತಾಳೆಯಾಗುವುದಿಲ್ಲ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಜೊತೆಗೂಡಿ ನಡೆದ ಹತ್ತು ಲಕ್ಷ ಸಾವುಗಳ ಅಧ್ಯಯನದಲ್ಲಿ, ಸಾವು ನಡೆದ ಮನೆಗೇ ಹೋಗಿ, ಸತ್ತವರಿಗೆ ಏನೇನಾಗಿತ್ತು ಎಂದು ಮನೆಯವರನ್ನು ಕೇಳಿ, ಅವರ ಮಾತಿನಿಂದ ವೈದ್ಯರು ಕಾರಣವನ್ನು ನಿರ್ಧರಿಸುತ್ತಿದ್ದರು. ಅದರ ಕ್ಯಾನ್ಸರ್ ಭಾಗ 2012ರಲ್ಲಿ ಪ್ರಕಟವಾಯಿತು. 30ರಿಂದ 69 ವರ್ಷದ ಹೆಂಗಸರಲ್ಲಿ ಎಲ್ಲ ಬಗೆಯ ಕ್ಯಾನ್ಸರ್ ಸಾವು ಸೇರಿ ಒಂದು ಲಕ್ಷಕ್ಕೆ ಹಳ್ಳಿಗಳಲ್ಲಿ 96.6, ನಗರಗಳಲ್ಲಿ 91.2. ಅಂದರೆ ಹೆಚ್ಚುಕಡಿಮೆ ಸಮ. ಇದು ಸ್ತನ ಕ್ಯಾನ್ಸರ್ ಒಂದರದೇ ಅಂಕಿಯಲ್ಲ. ಹಳ್ಳಿಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚಿರುವುದೂ ಇದರಲ್ಲಿ ಸೇರಿಕೊಂಡಿದೆ. ಅಷ್ಟನ್ನು ಒಪ್ಪಿಕೊಂಡರೂ ನೋಂದಣಿ ಪುಸ್ತಕಗಳಲ್ಲಿ ಹಳ್ಳಿಗೂ ನಗರಕ್ಕೂ ಕಾಣುವ ದೊಡ್ಡ ಅಂತರ ಸಾವಿನ ಹೊತ್ತಿಗೆ ಕರಗಿಹೋಗುತ್ತದೆ ಎಂಬುದು ಉಳಿಯುತ್ತದೆ. ಒಂದೋ ಹಳ್ಳಿಯಲ್ಲಿ ರೋಗ ಬಂದವರು ಲೆಕ್ಕಕ್ಕೆ ಬಾರದೆಯೇ ಸಾಯುತ್ತಿದ್ದಾರೆ, ಇಲ್ಲವೇ ಬಂದವರಲ್ಲಿ ಬದುಕುವವರು ಕಡಿಮೆ. ಎರಡೂ ಒಟ್ಟಿಗೇ ನಡೆಯುತ್ತಿದೆ ಎಂದು ನಂಬಲು ಬೇಕಾದಷ್ಟು ಕಾರಣಗಳಿವೆ.

ಬದುಕುವುದನ್ನು ನಿರ್ಧರಿಸುವ ಸಂಗತಿಗಳಲ್ಲಿ ಮೊದಲನೆಯದು ರೋಗ ಯಾವ ಹಂತದಲ್ಲಿ ಕೈಗೆ ಸಿಕ್ಕಿತು ಎಂಬುದು. ಭಾರತದ 11 ಜನಸಂಖ್ಯಾ ನೋಂದಣಿಗಳಲ್ಲಿ 2012ರಿಂದ 2015ರೊಳಗೆ ಪತ್ತೆಯಾದ ಸುಮಾರು 18,000 ಹೆಂಗಸರನ್ನು ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ಗಂಟು ಸ್ತನದೊಳಗೇ ಇದ್ದಾಗ ಪತ್ತೆಯಾದವರಲ್ಲಿ ಐದು ವರ್ಷ ದಾಟಿದವರು ಶೇ 81. ಕಂಕುಳಿನ ಗ್ರಂಥಿಯವರೆಗೆ, ಅಕ್ಕಪಕ್ಕಕ್ಕೆ ಹರಡಿದ್ದರೆ ಶೇ 65. ಮೂಳೆ, ಶ್ವಾಸಕೋಶ, ಯಕೃತ್ತಿಗೆ ಹೋಗಿದ್ದರೆ ಶೇ 18. ಊರಿಂದೂರಿಗೂ ವ್ಯತ್ಯಾಸ ದೊಡ್ಡದು: ಮಿಜೋರಾಂನಲ್ಲಿ ಶೇ 75ರ ಹತ್ತಿರ, ಅರುಣಾಚಲದ ಪಾಸಿಘಾಟ್‌ನಲ್ಲಿ ಶೇ 42. ಎರಡೂ ಈಶಾನ್ಯದ ಗುಡ್ಡಗಾಡು ಸೀಮೆಗಳೇ ಎಂಬುದನ್ನು ಗಮನಿಸಬೇಕು. ಇನ್ನೊಂದು ಕಡೆ, ದೇಶದ ಆಸ್ಪತ್ರೆಗಳ ದಾಖಲೆಯಂತೆ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಶೇ 57 ಮಂದಿ ಮೊದಲ ಸಲ ಬರುವಾಗಲೇ ರೋಗ ಸುತ್ತಮುತ್ತ ಹರಡಿರುತ್ತದೆ. ಈ ಎರಡು ಅಂಕಿಗಳನ್ನು ಜೋಡಿಸಿದರೆ ಶೇ 66 ಎಂಬ ಸರಾಸರಿ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಈಗ ನಮ್ಮ ಮೂರು ತಾಲ್ಲೂಕುಗಳ ದಾರಿಗೆ ಬರೋಣ. ಗಂಟು ಸಾಮಾನ್ಯವಾಗಿ ಕೈಗೆ ಸಿಗುವುದು ಮೀಯುವಾಗ. ನೋವಿರುವುದಿಲ್ಲ. ನೋವಿಲ್ಲದ್ದು ಅಪಾಯವಲ್ಲ ಎಂಬುದು ಬದುಕು ಕಲಿಸಿದ ಪಾಠ; ಕಾಲಿಗೆ ಮುಳ್ಳು ಚುಚ್ಚಿದರೆ ಕೆಲಸ ನಿಲ್ಲುತ್ತದೆ, ನೋಯದ ಗಂಟಿಗೆ ಯಾರೂ ಕೆಲಸ ಬಿಡುವುದಿಲ್ಲ. ಈರುಳ್ಳಿ ಕೀಳುವ ದಿನಗಳು, ಆಮೇಲೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ರಾಗಿ ಕಟಾವು, ನಡುವೆ ಹಬ್ಬ, ಮಗಳ ಬಾಣಂತನ: ಮುಂಗಾರಿನ ಕೊನೆಯಿಂದ ಸಂಕ್ರಾಂತಿಯ ತನಕ ಹೆಂಗಸರ ಕೈ ಬಿಡುವಾಗುವುದೇ ಇಲ್ಲ. ಕೂಲಿಗೆ ಹೋಗುವವಳಿಗೆ ಒಂದು ದಿನದ ಆಸ್ಪತ್ರೆ ಎಂದರೆ ಒಂದು ದಿನದ ಸಂಬಳ ಹೋಯಿತು. ಕೊನೆಗೆ ತೋರಿಸಿದಾಗ ಹಾಲುಗಂಟು ಎಂದೋ, ಕಟ್ಟು ಎಂದೋ, ಕೊಬ್ಬಿನ ಗಂಟೆಂದೋ ಮಾತ್ರೆ ಸಿಗಬಹುದು. ಕೀವುಗಂಟೆಂದು ಕೊಯ್ಯುವುದೂ ಉಂಟು, ಲೇಪ ಹಚ್ಚುವುದೂ ಉಂಟು. ಮುಂದಿನ ಮೆಟ್ಟಿಲು ಸ್ಕ್ಯಾನಿಂಗ್. ಅದರ ಮುಂದಿನದು ದಪ್ಪ ಸೂಜಿಯಿಂದ ಚೂರು ಮಾಂಸ ತೆಗೆದು ನೋಡುವ ಬಯಾಪ್ಸಿ. ಆ ಚೂರಿಗೆ ಹಾರ್ಮೋನ್ ಮತ್ತು ಹರ್‌-2 ಪರೀಕ್ಷೆ ಮಾಡಿದ ಮೇಲೆಯೇ ಯಾವ ಔಷಧ ಎಂಬುದು ತೀರ್ಮಾನ. ಇಷ್ಟೂ ಒಂದೇ ಸೂರಿನಡಿ ತಾಲ್ಲೂಕು ಮಟ್ಟದಲ್ಲಿ ಆಗುವುದಿಲ್ಲ. ಕಡೂರಿನ ಹೆಂಗಸು ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗುತ್ತಾಳೆ, ಇಲ್ಲವೇ ರೈಲು ಹತ್ತಿ 200 ಕಿ.ಮೀ.ಗೂ ದೂರದ ಬೆಂಗಳೂರಿಗೆ, 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ. ತರೀಕೆರೆಯವಳಿಗೆ ಜಿಲ್ಲಾ ಕೇಂದ್ರಕ್ಕಿಂತ ಭದ್ರಾವತಿ, ಶಿವಮೊಗ್ಗ ದಾರಿ ಸಲೀಸು. ಅಜ್ಜಂಪುರ, ಶಿವನಿ ಕಡೆಯವರಿಗೆ ರೈಲು ಹಳಿ ದಾವಣಗೆರೆಯತ್ತ ಕೈ ತೋರಿಸುತ್ತದೆ. ಜಿಲ್ಲೆ ಒಂದೇ ಆದರೂ ರೋಗಿಗಳು ನಾಲ್ಕು ದಿಕ್ಕಿಗೆ ಚದುರುತ್ತಾರೆ.

ದೂರ ಒಂದು ಸಲದ್ದಲ್ಲ. ಕೀಮೋ ಎಂದರೆ ಎರಡು ಮೂರು ವಾರಕ್ಕೊಮ್ಮೆ, ತಿಂಗಳುಗಟ್ಟಲೆ. ಜನ ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ. ಅಷ್ಟು ದಿನ ಊರು ಬಿಟ್ಟು ಇರಬೇಕು, ಜೊತೆಗೊಬ್ಬರು ಇರಬೇಕು. ಮನೆಯಲ್ಲಿ ಹಸು ಕರೆಯುವವರು ಯಾರು, ಅತ್ತೆಗೆ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆ ಚಿಕಿತ್ಸೆಯ ಚೀಟಿಯಲ್ಲಿ ಬರೆದಿರುವುದಿಲ್ಲ. ಎರಡನೇ ಕೀಮೋ ಆದಮೇಲೆ ಬಾರದೇ ಹೋದ ರೋಗಿಯ ಹಿಂದೆ ಇದೇ ಪ್ರಶ್ನೆ ಇರುತ್ತದೆ. ಆಪರೇಷನ್ ಆಯಿತು, ಗಂಟು ಹೋಯಿತು, ಇನ್ನು ಯಾಕೆ ಎಂದು ಅರ್ಧಕ್ಕೆ ನಿಲ್ಲಿಸುವುದು ತಡವಾಗಿ ಬರುವುದರಷ್ಟೇ ಅಪಾಯಕಾರಿ. ಹಾರ್ಮೋನ್ ಅವಲಂಬಿತ ರೋಗದಲ್ಲಿ ಟ್ಯಾಮಾಕ್ಸಿಫೆನ್ ಎಂಬ ಅಗ್ಗದ ಮಾತ್ರೆಯನ್ನು ಐದು ವರ್ಷ ನುಂಗಿದರೆ ಮುಂದಿನ ಹದಿನೈದು ವರ್ಷಗಳಲ್ಲಿ ಸಾವಿನ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಇಡೀ ಚಿಕಿತ್ಸೆಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಜೀವ ಉಳಿಸುವುದು ಇನ್ನೊಂದಿಲ್ಲ. ಆ ಮಾತ್ರೆ ಸಖರಾಯಪಟ್ಟಣದಲ್ಲೋ ಲಿಂಗದಹಳ್ಳಿಯಲ್ಲೋ ಪ್ರತಿ ತಿಂಗಳು ತಪ್ಪದೆ ಕೈಗೆ ಸಿಗುತ್ತದೆಯೇ ಎಂಬುದು ಸಾವಿನ ದರದ ಪ್ರಶ್ನೆಯೇ.

ಇದಕ್ಕೆ ಸುಲಭವಾದ ಉತ್ತರವೊಂದು ಯಾವಾಗಲೂ ಸಿದ್ಧವಿರುತ್ತದೆ: ಹಳ್ಳಿ ಹೆಂಗಸರಿಗೆ ನಾಚಿಕೆ, ತಿಳಿವಳಿಕೆ ಸಾಲದು, ಅದಕ್ಕೇ ತಡ. ನಾಚಿಕೆ ಇಲ್ಲವೆಂದಲ್ಲ. ಗಂಡಸು ಡಾಕ್ಟರ ಮುಂದೆ ರವಿಕೆ ಬಿಚ್ಚಲು ಹಿಂಜರಿಯುವುದು ನಿಜ. ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗದ ಹೆಸರನ್ನೇ ಬಚ್ಚಿಡುವುದೂ ನಿಜ. ಆದರೆ ಇದೇ ಹೆಂಗಸರು ಒಂದೆರಡು ತಲೆಮಾರಿನಲ್ಲಿ ಮನೆಯ ಹೆರಿಗೆಯನ್ನು ಬಿಟ್ಟು ಆಸ್ಪತ್ರೆಯ ಹೆರಿಗೆಗೆ ಬಂದರು. ನಾಚಿಕೆ ಅಲ್ಲಿಯೂ ಇತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದಳು, ಆಂಬುಲೆನ್ಸ್ ಬಂತು, ತಾಯಿ ಕಾರ್ಡ್ ಬಂತು, ಹೋದರೆ ನೋಡುವವರು ಇದ್ದಾರೆ ಎಂಬ ಭರವಸೆ ಬಂತು. ನಾಚಿಕೆ ಹಿಂದೆ ಸರಿಯಿತು. ಸ್ತನ ಪರೀಕ್ಷೆಯ ವಿಷಯದಲ್ಲಿ ನಾವು ಕೇಳಿಯೇ ಇಲ್ಲ. 2019ರಿಂದ 2021ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಶೇ 0.9, ಕರ್ನಾಟಕದ್ದೂ ಶೇ 1ರ ಒಳಗೇ. 2016ರ ರಾಷ್ಟ್ರೀಯ ಮಾರ್ಗಸೂಚಿ ಮೂವತ್ತು ದಾಟಿದ ಪ್ರತಿ ಹೆಂಗಸನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಹೇಳಿತ್ತು. ನೂರರಲ್ಲಿ ತೊಂಬತ್ತೊಂಬತ್ತು ಮಂದಿಯನ್ನು ಮುಟ್ಟಿಯೂ ನೋಡದ ವ್ಯವಸ್ಥೆ, ಆ ತೊಂಬತ್ತೊಂಬತ್ತು ಮಂದಿಯ ನಾಚಿಕೆಯನ್ನು ದೂರುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಹೊಲದ್ದು. ಈರುಳ್ಳಿಗೆ, ಟೊಮೆಟೊಗೆ ಹೊಡೆಯುವ ಕೀಟನಾಶಕ, ಕೊಳವೆಬಾವಿ ನೀರಿನ ಫ್ಲೋರೈಡ್: ರೋಗ ಇವುಗಳಿಂದಲೇ ಹೆಚ್ಚುತ್ತಿದೆ ಎಂಬ ಮಾತು ಬಯಲುಸೀಮೆಯಲ್ಲಿ ಬಲವಾಗಿದೆ. ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತದೆ. ಕೀಟನಾಶಕ ಹೊಡೆಯುವವರ ಆರೋಗ್ಯವನ್ನು ಹಾಳುಮಾಡುತ್ತದೆ. ಅವೆರಡರ ವಿರುದ್ಧ ಹೋರಾಡಲು ಅಷ್ಟೇ ಸಾಕಷ್ಟು ಕಾರಣ. ಸ್ತನ ಕ್ಯಾನ್ಸರ್‌ನ ಊರೂರ ವ್ಯತ್ಯಾಸಕ್ಕೆ ಅವೇ ಕಾರಣವೆಂದು ತೋರಿಸುವುದು ಬೇರೆಯೇ ಕೆಲಸ. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಹೆಂಗಸರು ತಮ್ಮ ಕಡೆ ಈ ರೋಗ ಹೆಚ್ಚೆಂದು ಒತ್ತಾಯಿಸಿ, 1993ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿ ಅಧ್ಯಯನಕ್ಕೆ ಹಣ ಕೊಟ್ಟಿತು. ವರ್ಷಗಟ್ಟಲೆ ರಕ್ತ, ಮಣ್ಣು, ನೀರು ಪರೀಕ್ಷಿಸಿದ ಮೇಲೆ ಡಿಡಿಟಿಯಂಥ ಕೀಟನಾಶಕಗಳಿಗೂ ರೋಗಕ್ಕೂ ನಂಟು ಸಿಗಲಿಲ್ಲ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳೊಂದಿಗೆ ಮಾತ್ರ ಸಣ್ಣ ಸಂಬಂಧ ಕಂಡಿತು. ಇದರಿಂದ ಪ್ರಶ್ನೆ ಮುಗಿಯಿತೆಂದಲ್ಲ. ಆದರೆ ಸಂಶಯದ ಕಾರಣವೊಂದರ ಬೆನ್ನು ಹತ್ತಿ, ಖಚಿತವಾಗಿ ಗೊತ್ತಿರುವ ಕಾರಣವನ್ನು, ಅಂದರೆ ತಡವನ್ನು, ಬಿಟ್ಟುಕೊಡುವುದು ಜೀವದ ಬೆಲೆ ತೆರುವ ತಪ್ಪು.

ಮೂರನೆಯದು ರಕ್ತದ ವಾದ. ನಮ್ಮ ಹೆಂಗಸರಿಗೆ ಚಿಕ್ಕ ವಯಸ್ಸಿನಲ್ಲೇ ರೋಗ ಬರುತ್ತದೆ, ಹಾರ್ಮೋನಿಗೆ ಬಗ್ಗದ ಬಿರುಸಿನ ಬಗೆ ನಮ್ಮಲ್ಲಿ ಹೆಚ್ಚು, ಅದಕ್ಕೇ ಸಾವು ಹೆಚ್ಚು ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಅದು ಎಷ್ಟು ವಿವರಿಸಬಲ್ಲದು ಎಂಬುದಕ್ಕೆ ಅಮೆರಿಕದ ಅನುಭವ ಒಂದು ಪರೀಕ್ಷೆ. ಅಲ್ಲಿ ಕಪ್ಪು ಹೆಂಗಸರ ಸ್ತನ ಕ್ಯಾನ್ಸರ್ ಸಾವು ಬಿಳಿಯರದಕ್ಕಿಂತ ಇಂದು ಸುಮಾರು ಶೇ 40ರಷ್ಟು ಹೆಚ್ಚು. 1980ರ ದಶಕದ ಆರಂಭದ ತನಕ ಈ ಅಂತರ ಇರಲೇ ಇಲ್ಲ. ಮ್ಯಾಮೊಗ್ರಾಮ್, ಟ್ಯಾಮಾಕ್ಸಿಫೆನ್, ಒಳ್ಳೆಯ ಕೀಮೋ ಬಂದ ಮೇಲೆ ಒಬ್ಬರಿಗೆ ಅವು ಸಿಕ್ಕವು, ಇನ್ನೊಬ್ಬರಿಗೆ ಸಿಗಲಿಲ್ಲ, ಅಂತರ ತೆರೆದುಕೊಂಡಿತು. ನಗರನಗರಕ್ಕೂ ಅದು ಬೇರೆ: 2005ರಿಂದ 2009ರ ಅವಧಿಯಲ್ಲಿ ಮೆಂಫಿಸ್‌ನಲ್ಲಿ ಕಪ್ಪು ಹೆಂಗಸರ ಸಾವು ಬಿಳಿಯರ ಎರಡರಷ್ಟಿತ್ತು, ನ್ಯೂಯಾರ್ಕ್‌ನಲ್ಲಿ ಅಂತರ ಅದಕ್ಕಿಂತ ಬಹಳ ಕಡಿಮೆಯಿತ್ತು. ರಕ್ತವೇ ಕಾರಣವಾಗಿದ್ದರೆ ನಗರ ಬದಲಾದಂತೆ ಅಂತರ ಬದಲಾಗುತ್ತಿರಲಿಲ್ಲ. ಷಿಕಾಗೊದಲ್ಲಿ 2007ರಲ್ಲಿ ಒಂದು ಕಾರ್ಯಪಡೆ ಕಟ್ಟಿ ಮ್ಯಾಮೊಗ್ರಾಮ್ ಗುಣಮಟ್ಟ ಮತ್ತು ಚಿಕಿತ್ಸೆಯ ದಾರಿಯನ್ನು ತಿದ್ದಲು ತೊಡಗಿದ ನಂತರದ ವರ್ಷಗಳಲ್ಲಿ ಅಲ್ಲಿನ ಅಂತರ ಕುಗ್ಗಿತು. ಊರಿನ ವ್ಯತ್ಯಾಸವನ್ನು ಊರೇ ಸರಿಪಡಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಸಾವಿನ ದರವನ್ನು ಲೆಕ್ಕ ಹಾಕಿ ಹೋಲಿಸಿಬಿಡೋಣ ಎನ್ನಬಹುದು. ಇಲ್ಲಿ ಲೆಕ್ಕದ ತೊಡಕುಗಳೇ ಒಂದು ಅಧ್ಯಾಯ. 2020ರ ವರದಿಯ 28 ಜನಸಂಖ್ಯಾ ನೋಂದಣಿಗಳಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಅದು 1982ರಿಂದ ನಡೆದಿದೆ. ಒಂದು ವರ್ಷದಿಂದಾದರೂ ಆ ಊರಿನಲ್ಲಿ ವಾಸವಿರುವವರನ್ನು ಮಾತ್ರ ಅಲ್ಲಿ ಎಣಿಸುತ್ತಾರೆ. ಕಡೂರಿನ ಹೆಂಗಸು ಚಿಕಿತ್ಸೆಗೆಂದು ಬೆಂಗಳೂರಿನ ಮಗನ ಮನೆಯಲ್ಲಿ ಆರು ತಿಂಗಳಿದ್ದು ಅಲ್ಲೇ ಸತ್ತರೆ ಬೆಂಗಳೂರಿನ ಲೆಕ್ಕಕ್ಕೆ ಸೇರುವುದಿಲ್ಲ. ಕಡೂರಿನಲ್ಲಿ ಲೆಕ್ಕದ ಪುಸ್ತಕವೇ ಇಲ್ಲ. ಮನೆಗೆ ಮರಳಿ ಸತ್ತರೆ ಮರಣ ನೋಂದಣಿ ಆಗುತ್ತದೆ, ಆದರೆ ಕಾರಣದ ಕಡೆ ಮನೆಯವರು ಹೇಳಿದ್ದೇ ಬರೆಹ: ವಯಸ್ಸಾಗಿತ್ತು, ಉಸಿರು ನಿಂತಿತು, ಕಾಯಿಲೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ. ಆಸ್ಪತ್ರೆಗಳು ಸಾವಿನ ಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳಿಸಿ ಮನೆಯವರಿಗೂ ಒಂದು ಪ್ರತಿ ಕೊಡಬೇಕೆಂದು 2023ರ ಕಾನೂನು ತಿದ್ದುಪಡಿ ಹೇಳುತ್ತದೆ; ಇದು ಒಳ್ಳೆಯದೇ, ಆದರೆ ಈ ರೋಗಿಗಳಲ್ಲಿ ಎಷ್ಟೋ ಜನ ಕೊನೆಯ ದಿನಗಳನ್ನು ಕಳೆಯುವುದು ಮನೆಯಲ್ಲಿ. ಸಾಲದ್ದಕ್ಕೆ ಅಜ್ಜಂಪುರ ಮೊನ್ನೆಮೊನ್ನೆಯ ತನಕ ತರೀಕೆರೆ ತಾಲ್ಲೂಕಿನ ಭಾಗ. ಹಳೆಯ ಅಂಕಿಯಲ್ಲಿ ಎರಡೂ ಒಂದೇ ಸಾಲಿನಲ್ಲಿವೆ. ಹರೆಯದವರು ಬೆಂಗಳೂರು ಸೇರಿ ವಯಸ್ಸಾದವರೇ ಉಳಿದ ಹಳ್ಳಿಗಳಲ್ಲಿ ವಯಸ್ಸಿನ ವ್ಯತ್ಯಾಸವನ್ನು ಸರಿಪಡಿಸದೆ ದರ ತೆಗೆದರೆ ಅದು ಸುಮ್ಮನೆ ಉಬ್ಬಿ ಕಾಣುತ್ತದೆ.

ಈ ತೊಡಕುಗಳೆಲ್ಲ ತೀರಿದರೂ ಸಣ್ಣ ಸಂಖ್ಯೆಯ ತೊಡಕು ಉಳಿಯುತ್ತದೆ, ಮತ್ತು ಇದನ್ನು ಪತ್ರಿಕೆಯವರೂ ಅಧಿಕಾರಿಗಳೂ ಒಮ್ಮೆಯಾದರೂ ಸಮಾಧಾನದಿಂದ ಯೋಚಿಸಬೇಕು. ಒಂದು ತಾಲ್ಲೂಕಿನಲ್ಲಿ ಒಂದು ಲಕ್ಷ ಹೆಂಗಸರಿದ್ದಾರೆ ಎಂದಿಟ್ಟುಕೊಳ್ಳೋಣ. ದೇಶದ ಸರಾಸರಿಯಂತೆ ಅಲ್ಲಿ ವರ್ಷಕ್ಕೆ ಸುಮಾರು 14 ಸ್ತನ ಕ್ಯಾನ್ಸರ್ ಸಾವು. ನಿಜವಾದ ಅಪಾಯ ಒಂದಿಷ್ಟೂ ಬದಲಾಗದೆ ಇದ್ದರೂ, ಬರಿಯ ಆಕಸ್ಮಿಕದಿಂದಲೇ ಒಂದು ವರ್ಷ 8 ಆಗಬಹುದು, ಮತ್ತೊಂದು ವರ್ಷ 21 ಆಗಬಹುದು. ಎಂಟಾದ ವರ್ಷ ಶಭಾಷ್‌ಗಿರಿ, ಇಪ್ಪತ್ತೊಂದಾದ ವರ್ಷ ಗಾಬರಿ. ಎರಡೂ ಗಾಳಿಗೆ ಗುದ್ದಿದಂತೆ. ಅಮೆರಿಕದಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಸಾವಿನ ಭೂಪಟದಲ್ಲಿ ಅತಿ ಹೆಚ್ಚಿನ ದರವೂ ಅತಿ ಕಡಿಮೆ ದರವೂ ಕಂಡದ್ದು ಜನ ವಿರಳವಾದ ಸಣ್ಣ ಗ್ರಾಮೀಣ ಕೌಂಟಿಗಳಲ್ಲೇ. ಕಾರಣ ಅವುಗಳ ಸಣ್ಣತನ, ಇನ್ನೇನಲ್ಲ. ಮೂರು ತಾಲ್ಲೂಕುಗಳನ್ನು ಒಂದರ ವಿರುದ್ಧ ಒಂದನ್ನು ನಿಲ್ಲಿಸಿ ವರ್ಷವರ್ಷ ಪಟ್ಟಿ ಮಾಡುವುದರಿಂದ ಯಾವ ಹೆಂಗಸಿಗೂ ಉಪಯೋಗವಿಲ್ಲ. ಮೂರನ್ನೂ ಸೇರಿಸಿ, ಐದು ವರ್ಷಗಳನ್ನು ಒಟ್ಟುಗೂಡಿಸಿ ನೋಡಿದರೆ ಮಾತ್ರ ದರ ಏನನ್ನಾದರೂ ಹೇಳೀತು.

ಬೇಗ ಪತ್ತೆ ಹಚ್ಚಿದರೆ ಸಾವು ಇಳಿಯುತ್ತದೆ ಎಂಬ ಮಾತಿಗೂ ಗಂಭೀರ ಆಕ್ಷೇಪವಿದೆ. ಬೇಗ ಪತ್ತೆಯಾದಾಗ ರೋಗ ಗೊತ್ತಾದ ಮೇಲಿನ ಅವಧಿ ಉದ್ದವಾಗುತ್ತದೆ ಅಷ್ಟೇ, ಸಾವಿನ ದಿನ ಬದಲಾಗದೆಯೂ ಇರಬಹುದು. ಮ್ಯಾಮೊಗ್ರಾಮ್‌ನಿಂದ ಎಂದೂ ತೊಂದರೆ ಕೊಡದ ಗಂಟುಗಳಿಗೂ ಚಿಕಿತ್ಸೆ ಆಗಿಬಿಡುತ್ತದೆ. ಬ್ರಿಟನ್ನಿನ ಸ್ವತಂತ್ರ ಸಮಿತಿಯ 2012ರ ಅಂದಾಜಿನಲ್ಲಿ ತಪಾಸಣೆಯಿಂದ ಉಳಿದ ಪ್ರತಿ ಒಂದು ಜೀವಕ್ಕೆ ಮೂವರು ಹೆಂಗಸರಿಗೆ ಅನಗತ್ಯ ಚಿಕಿತ್ಸೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಮತ್ತು ಅದೇ ಕಾರಣಕ್ಕೆ ಆರೋಗ್ಯವಾಗಿರುವ ಎಲ್ಲ ಹೆಂಗಸರಿಗೂ ಮ್ಯಾಮೊಗ್ರಾಮ್ ವ್ಯಾನ್ ಓಡಿಸುವುದು ಕಡೂರಿಗೆ ಬೇಕಾದ ಮೊದಲ ಕೆಲಸ ಎನ್ನಲಾರೆ. ನಮ್ಮ ಮುಂದಿರುವುದು ಕೈಗೆ ಸಿಗದ ಅಕ್ಕಿಕಾಳಿನಷ್ಟು ಗಂಟಿನ ಪ್ರಶ್ನೆಯಲ್ಲ. ತಿಂಗಳುಗಳ ಹಿಂದೆಯೇ ಕೈಗೆ ಸಿಕ್ಕಿ, ಚರ್ಮ ಒಡೆಯುವ ತನಕ ಕಾದ ಗಂಟಿನದು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ 1998ರಲ್ಲಿ ಆರಂಭಿಸಿ 1,51,538 ಹೆಂಗಸರನ್ನು 20 ವರ್ಷ ಹಿಂಬಾಲಿಸಿದ ಪ್ರಯೋಗದಲ್ಲಿ ಯಂತ್ರವೇ ಇರಲಿಲ್ಲ. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ರೋಗ ಮುಂಚಿನ ಹಂತದಲ್ಲೇ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ಇಳಿಯಿತು. ಐವತ್ತರ ಕೆಳಗಿನವರಲ್ಲಿ ಇಳಿಯಲಿಲ್ಲ, ಇದನ್ನೂ ಹೇಳಬೇಕು. ಇನ್ನೊಂದು ಆಧಾರ ಅಮೆರಿಕದ್ದು: 1975ರಿಂದ 2019ರೊಳಗೆ ಅಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ 58ರಷ್ಟು ಇಳಿದಿದ್ದು, ಅದರಲ್ಲಿ ತಪಾಸಣೆಯ ಪಾಲು ನಾಲ್ಕನೇ ಒಂದು, ಉಳಿದ ಮುಕ್ಕಾಲು ಚಿಕಿತ್ಸೆಯದು ಎಂದು 2024ರ ಅಧ್ಯಯನವೊಂದು ಲೆಕ್ಕ ಹಾಕಿತು. ಪತ್ತೆ ಹಚ್ಚಿ ಚಿಕಿತ್ಸೆ ಮುಗಿಸದಿದ್ದರೆ ಪತ್ತೆ ಹಚ್ಚಿದ್ದಕ್ಕೆ ಬೆಲೆಯಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ತಪ್ಪು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕೀಮೋಗೆ ಹೋಗುವವಳಿಗೂ ಜೊತೆ ಹೋಗುವ ಅಕ್ಕನಿಗೂ ಇದು ಸಣ್ಣ ಉಪಕಾರವಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗಳಿಗೆ ರೈಲಿನ ಸ್ಲೀಪರ್ ದರ್ಜೆ ಉಚಿತ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಮನೆ ತಪಾಸಣೆಯನ್ನು ತಂದಿತು. 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕೀಮೋ ಕೇಂದ್ರಗಳು ಆರಂಭವಾದವು. ಕೊಂಡಿಗಳೆಲ್ಲ ಇವೆ, ಕೂಡಿಸುವವರಿಲ್ಲ. ಆಶಾ ಕಾರ್ಯಕರ್ತೆ ತುಂಬುವ ನಮೂನೆಯಲ್ಲಿ ಎದೆಯ ಗಂಟು, ಮೊಲೆತೊಟ್ಟಿನಿಂದ ರಕ್ತ, ಆಕಾರದ ಬದಲಾವಣೆ ಕೇಳುವ ಪ್ರಶ್ನೆಗಳಿವೆ. ‘ಹೌದು’ ಎಂದು ಗುರುತು ಹಾಕಿದ ಮೇಲೆ ಆ ಹೆಂಗಸು ಎಲ್ಲಿ ತಲುಪಿದಳು ಎಂಬುದನ್ನು ಕೊನೆಯವರೆಗೆ ಹಿಂಬಾಲಿಸುವ ಹೊಣೆ ಒಬ್ಬರ ಹೆಸರಿಗೆ ಬಿದ್ದಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮ ಮೂರು ಗುರಿ ಇಟ್ಟಿದೆ: ರೋಗಿಗಳಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಮೊದಲ ಎರಡು ಹಂತದಲ್ಲೇ ಪತ್ತೆಯಾಗಬೇಕು, ಮೊದಲ ಸಲ ತೋರಿಸಿದ 60 ದಿನದೊಳಗೆ ರೋಗ ಖಚಿತವಾಗಬೇಕು, ಶೇ 80 ಮಂದಿ ಚಿಕಿತ್ಸೆ ಮುಗಿಸಬೇಕು. ಕಡೂರು, ತರೀಕೆರೆ, ಅಜ್ಜಂಪುರಕ್ಕೆ ಬೇಕಾದ ಅಂಕಿಗಳು ಇವೇ. ಇವನ್ನು ತಿಳಿಯಲು ಸಾವಿಗಾಗಿ ಐದು ವರ್ಷ ಕಾಯಬೇಕಿಲ್ಲ. ಒಂದು ವರ್ಷದಲ್ಲೇ ಉತ್ತರ ಸಿಗುತ್ತದೆ. ಇದು ಆಗದ ಮಾತಲ್ಲ ಎಂದು ಬಾರ್ಶಿ ತೋರಿಸಿದೆ. 1987ರಲ್ಲಿ ಅಲ್ಲಿ ಬಾರ್ಶಿ, ಪರಾಂಡಾ, ಭೂಮ್ ಎಂಬ ಮೂರು ತಾಲ್ಲೂಕುಗಳ ಹಳ್ಳಿಹಳ್ಳಿಗೆ ತರಬೇತಾದ ಕಾರ್ಯಕರ್ತರು ಹೋಗಿ ರೋಗಿಗಳನ್ನು ಹುಡುಕಿ ಎಣಿಸುವ ನೋಂದಣಿ ಶುರುವಾಯಿತು. ಎಣಿಕೆಯ ಜೊತೆಗೆ ಅರಿವು ಮೂಡಿಸುವ ಕೆಲಸವೂ ನಡೆದು ಗರ್ಭಕೊರಳಿನ ಕ್ಯಾನ್ಸರ್ ಮುಂಚಿನ ಹಂತದಲ್ಲಿ ಪತ್ತೆಯಾಗುವುದು ಹೆಚ್ಚಿತು. ನಮ್ಮ ಮೂರು ತಾಲ್ಲೂಕುಗಳಿಗೂ ಅಂಥದೇ ಒಂದು ಜಂಟಿ ಪುಸ್ತಕ ಬೇಕು. ಆರೋಗ್ಯ ಕರ್ನಾಟಕದ ಅನುಮೋದನೆ ದಾಖಲೆ, ಬೆಂಗಳೂರು, ಶಿವಮೊಗ್ಗ, ಹಾಸನ, ದಾವಣಗೆರೆ ಆಸ್ಪತ್ರೆಗಳ ರೋಗಿ ವಿಳಾಸ, ಪಂಚಾಯಿತಿಯ ಮರಣ ನೋಂದಣಿ, ಆಶಾ ಕಾರ್ಯಕರ್ತೆಯ ಪಟ್ಟಿ: ಈ ನಾಲ್ಕನ್ನು ಗೋಪ್ಯತೆ ಕಾಪಾಡಿಕೊಂಡು ಒಂದೆಡೆ ಕೂಡಿಸಿದರೆ ಅದು ಸಿದ್ಧ. ಜೊತೆಗೆ ಕಡೂರು ಮತ್ತು ತರೀಕೆರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಎದೆಗಂಟಿನ ತಪಾಸಣೆ, ಅಲ್ಲೇ ಸ್ಕ್ಯಾನಿಂಗ್, ಅಲ್ಲೇ ಬಯಾಪ್ಸಿ ತೆಗೆದು ಮಾದರಿಯನ್ನು ಮಾತ್ರ ದೊಡ್ಡಾಸ್ಪತ್ರೆಗೆ ಕಳಿಸುವ ಏರ್ಪಾಡು, ನೋಡುವವರು ಹೆಂಗಸರೇ ಆಗಿರುವುದು. ಚೂರು ಮಾಂಸ ಶಿವಮೊಗ್ಗಕ್ಕೆ ಹೋಗಿಬರಲಿ; ಹೆಂಗಸು ಯಾಕೆ ಮೂರು ಸಲ ಹೋಗಿಬರಬೇಕು?

ಓದುಗರಲ್ಲಿ ಒಂದು ಕೋರಿಕೆ. ನಿಮಗೆ, ನಿಮ್ಮ ಅಕ್ಕನಿಗೆ, ಅತ್ತೆಗೆ, ಮನೆಗೆಲಸಕ್ಕೆ ಬರುವವಳಿಗೆ ಎದೆಯಲ್ಲೋ ಕಂಕುಳಲ್ಲೋ ಗಂಟು ಕಂಡು ಎರಡು ಮೂರು ವಾರವಾದರೂ ಹೋಗದಿದ್ದರೆ, ನೋವಿರಲಿ ಇಲ್ಲದಿರಲಿ, ತೋರಿಸಿ. ತೋರಿಸಿದ ದಿನಾಂಕವನ್ನು ಚೀಟಿಯ ಮೇಲೆ ಬರೆಸಿ. ಬಯಾಪ್ಸಿ ಆಗದೆ ಗಂಟನ್ನು ಕೊಯ್ಯಲು ಬಿಡಬೇಡಿ. ಆ ದಿನಾಂಕದಿಂದ 60 ದಿನದೊಳಗೆ ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಲಿಖಿತ ಉತ್ತರ ಕೈಗೆ ಬರಬೇಕು. ಬಾರದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ ಹೋಗಿ ಕೇಳಿ.